ಹತ್ತು ನಿಮಿಷದ ಸುಳ್ಳು

ಆನಂದಲೋಕದ ಸರದಿಗಳಲ್ಲಿ ನಿಂತವರಿಗೆಲ್ಲ ನೀಲಾಂಬಿಕಾ ಹನ್ನೊಂದು ವರ್ಷಗಳಿಂದ ಸುಳ್ಳು ಹೇಳುತ್ತ ಬಂದಿದ್ದಳು. ಅದಕ್ಕಾಗಿ ಒಬ್ಬರೂ ಅವಳ ಮೇಲೆ ಸಿಟ್ಟಾಗಿರಲಿಲ್ಲ. ಸುಳ್ಳು ದೊಡ್ಡದೇನಲ್ಲ, ಹತ್ತು ನಿಮಿಷದ್ದು. ಹುಬ್ಬಳ್ಳಿ-ಧಾರವಾಡ ಬೈಪಾಸಿನ ಬದಿಗಿದ್ದ ಆ ಮನರಂಜನಾ ಉದ್ಯಾನದಲ್ಲಿ ಇಪ್ಪತ್ತೆರಡು ಆಟಗಳಿದ್ದವು. ಪ್ರತಿ ಆಟದ ಬಾಗಿಲಲ್ಲೂ ಇಲ್ಲಿಂದ ಇಷ್ಟು ನಿಮಿಷ ಕಾಯಬೇಕು ಎಂದು ತೋರಿಸುವ ಹಲಗೆ. ನಿಯಂತ್ರಣ ಕೋಣೆಯಲ್ಲಿ ಕೂತು ಆ ಹಲಗೆಗಳಿಗೆ ಅಂಕಿ ಹಾಕುವವಳು ಅವಳು, ಸರದಿ ವಿಭಾಗದ ಮುಖ್ಯಸ್ಥೆ. ನಿಜಕ್ಕೂ ಮೂವತ್ತು ನಿಮಿಷ ಇದ್ದರೆ ನಲವತ್ತು ಎಂದು ಹಾಕುತ್ತಿದ್ದಳು. ನಲವತ್ತಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ನಿಂತವನಿಗೆ ಮೂವತ್ತಕ್ಕೇ ಆಟ ಸಿಕ್ಕರೆ, ಯಾರೋ ಕರೆದು ಉಡುಗೊರೆ ಕೊಟ್ಟಂತೆ ಹಿಗ್ಗುತ್ತಾನೆ. ಈ ಗುಟ್ಟನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಸರದಿಯಲ್ಲಿ ನಿಂತವರ ಮುಖ ನೋಡಿ ನೋಡಿ ತಾನೇ ಕಂಡುಕೊಂಡಿದ್ದಳು, ಯಾರಿಗೂ ಹೇಳಿರಲೂ ಇಲ್ಲ.

ಆದರೆ ಹತ್ತು ನಿಮಿಷ ಸೇರಿಸಬೇಕಾದರೆ ನಿಜ ಎಷ್ಟು ಎಂಬುದು ಮೊದಲು ಗೊತ್ತಿರಬೇಕಲ್ಲ? ಅದಕ್ಕೆ ಕೆಂಪು ಚೀಟಿ. ಅರ್ಧ ಗಂಟೆಗೊಮ್ಮೆ ಸರದಿಯ ಕೊನೆಯಲ್ಲಿ ಬಂದು ನಿಂತವರ ಕೈಗೆ, ಹೊತ್ತು ಬರೆದ ಕೆಂಪು ಚೀಟಿಯೊಂದನ್ನು ಕೊಡುವುದು. ಅವರು ಅದನ್ನು ಹಿಡಿದುಕೊಂಡೇ ಮುಂದೆ ಸರಿಯುತ್ತ ಹೋಗಿ, ಆಟದ ಬಾಗಿಲಲ್ಲಿ ನಿಂತ ಹೆಂಗಸಿಗೆ ಒಪ್ಪಿಸುವುದು. ಹೊರಟ ಹೊತ್ತು, ಮುಟ್ಟಿದ ಹೊತ್ತು, ನಡುವಿನದೇ ನಿಜವಾದ ಕಾಯುವಿಕೆ. ಯಂತ್ರಗಳು ಎಷ್ಟೇ ಬಂದರೂ ನೀಲಾಂಬಿಕಾ ಚೀಟಿಯನ್ನು ಬಿಟ್ಟಿರಲಿಲ್ಲ. ದವಾಖಾನೆಯಲ್ಲೋ ಬ್ಯಾಂಕಿನಲ್ಲೋ ತಾನು ಕಾಯಬೇಕಾಗಿ ಬಂದಾಗಲೂ ಪರ್ಸಿನಿಂದ ಒಂದು ಕೆಂಪು ಚೀಟಿ ತೆಗೆದು ಹೊತ್ತು ಬರೆದಿಟ್ಟುಕೊಳ್ಳುವಷ್ಟು ಆ ಚಟ ಅಂಟಿತ್ತು.

ಹೀಗಿರುವಾಗ ಡಾಕ್ಟರ್ ಮೃಣಾಲಿನಿ ದೇಸಾಯಿ ಬಂದಳು. ಮದ್ದು ಕೊಡುವ ಡಾಕ್ಟರಲ್ಲ, ಮೆದುಳು ಹೊತ್ತನ್ನು ಹೇಗೆ ಅಳೆಯುತ್ತದೆ ಎಂದು ಹತ್ತು ವರ್ಷ ತಲೆ ಕೆಡಿಸಿಕೊಂಡವಳು. ಅವಳ ಪ್ರಶ್ನೆ ಒಂದೇ ಇತ್ತು. ಸರದಿಯನ್ನು ಸಣ್ಣದು ಮಾಡಲಾಗದಿದ್ದರೆ, ಕಾದದ್ದು ಗೊತ್ತೇ ಆಗದಂತೆ ಮಾಡಿದರೆ ಹೇಗೆ?

ನಿಯಂತ್ರಣ ಕೋಣೆಯಲ್ಲಿ ಉದ್ಯಾನದ ನಿರ್ದೇಶಕ ಹೊಸಮನಿಯವರ ಎದುರು ಅವಳು ಅದನ್ನು ಬಿಡಿಸಿ ಹೇಳಿದಳು. ನಮ್ಮೊಳಗೆ ಗಡಿಯಾರವೆಂಬುದು ಇಲ್ಲ, ಇರುವುದು ಎಣಿಕೆ. ಎದೆಬಡಿತ, ಉಸಿರು, ಹಸಿವಿನ ಸಣ್ಣ ಸಣ್ಣ ಕರೆ, ಇವನ್ನೆಲ್ಲ ಮೆದುಳು ನಮಗೆ ತಿಳಿಯದಂತೆ ಎಣಿಸುತ್ತಲೇ ಇರುತ್ತದೆ. ಕಾಲಡಿಯ ಹಾಸಿನಲ್ಲಿ, ಕಿವಿಗೆ ಕೇಳದಷ್ಟು ಮೆಲ್ಲಗೆ, ಎದೆಬಡಿತಕ್ಕಿಂತ ತುಸು ನಿಧಾನದ ಒಂದು ಮಿಡಿತ ಹಾಯಿಸಿದರೆ ಎಣಿಕೆ ಆ ಮಿಡಿತಕ್ಕೆ ಜೋತು ಬೀಳುತ್ತದೆ. ಆಗ ಒಂದು ಗಂಟೆಯ ಹೊತ್ತು ಬರೀ ಐದು ನಿಮಿಷವಾಗಿ ಕಾಣುತ್ತದೆ. ಎಷ್ಟು ನಿಮಿಷ ಕಾಯಬೇಕೋ ಅಷ್ಟೇ ನಿಮಿಷಗಳನ್ನು ಅಳಿಸುವಂತೆ ಯಂತ್ರ ತಾನೇ ಮಿಡಿತದ ಪ್ರಮಾಣ ಇಟ್ಟುಕೊಳ್ಳುತ್ತದೆ. ಅದಕ್ಕೆ ಅವಳಿಟ್ಟ ಹೆಸರು ‘ಸಮಾಧಾನ’.

ಎಷ್ಟು ಅಳಿಸಬೇಕು ಎಂಬುದನ್ನು ಅದು ಬಾಗಿಲ ಹಲಗೆಯಿಂದ ಓದಿಕೊಳ್ಳುತ್ತದೆ ಎಂದು ಹೇಳಿ ಮೃಣಾಲಿನಿ ನೀಲಾಂಬಿಕಾಳ ಕಡೆ ತಿರುಗಿದಳು.

“ಹಲಗಿ ಮ್ಯಾಲಿನ ಅಂಕಿ ಖರೇನ ಇರ್ತಾವಲ್ರೀ, ಮೇಡಂ?”

ಹೊಸಮನಿ ಸಾಹೇಬರು ಅಲ್ಲೇ ಕೂತಿದ್ದರು. ಹಿಂದಿನ ವಾರವಷ್ಟೇ ಅವರು, ನಮ್ಮ ನೀಲಕ್ಕನ ಅಂಕಿ ಎಂದರೆ ಕಲ್ಲಿನ ಮೇಲೆ ಕೊರೆದ ಹಾಗೆ ಎಂದು ಎಲ್ಲರ ಮುಂದೆ ಹೊಗಳಿದ್ದರು. ನೀಲಾಂಬಿಕಾ ಅವರ ಕಡೆ ಒಮ್ಮೆ ನೋಡಿದಳು. ಹತ್ತು ನಿಮಿಷ ತಾನೇ, ಅದರಿಂದ ಯಾರ ಗಂಟು ಹೋದೀತು ಎಂದುಕೊಂಡಳು.

“ಖರೇನ ಅದಾವ್ರೀ,” ಎಂದಳು.

ಆ ಮೂರು ತಿಂಗಳು ಆನಂದಲೋಕಕ್ಕೆ ಸುಗ್ಗಿ. ಸರದಿಗಳ ಚಪ್ಪರದ ಕೆಳಗೆಲ್ಲ ಸಮಾಧಾನದ ಮಿಡಿತ ಹಾಯುವ, ಬೂದು ಬಣ್ಣದ ಮೆತ್ತನೆಯ ಹಾಸುಬಿಲ್ಲೆಗಳು ಬಿದ್ದವು. ಅಲ್ಲಿ ಮೊದಲು ಇದ್ದ ಗಲಾಟೆ, ನುಗ್ಗಾಟ, ಮಕ್ಕಳ ರಂಪ, ನಡುವೆ ತೂರಿ ಬಂದವನ ಕೊರಳಪಟ್ಟಿ ಹಿಡಿಯುವುದು, ಎಲ್ಲ ಮಾಯ. ಜನ ಸುಮ್ಮನೆ, ಹಿತವಾಗಿ, ಒಂದೊಂದೇ ಹೆಜ್ಜೆ ಸರಿಯುತ್ತ ಹೋಗುತ್ತಿದ್ದರು. ಎಷ್ಟು ಹೊತ್ತಾಯಿತು ಎಂದು ಯಾರನ್ನೇ ಕೇಳಿದರೂ ಒಂದೇ ಉತ್ತರ. “ಈಗಷ್ಟ ಬಂದೇವ್ರಿ.”

ಹೊಸಮನಿಯವರ ಸಂತೋಷಕ್ಕೆ ಮೇರೆಯಿರಲಿಲ್ಲ. ಉಳಿದ ಬಿಲ್ಲೆಗಳನ್ನು ತಮ್ಮ ಕಚೇರಿಯ ಹೊರಕೋಣೆಗೂ ಹಾಕಿಸಬೇಕು, ತಕರಾರು ಹೇಳಲು ಬರುವವರು ತಣ್ಣಗಾಗಿ ಒಳಗೆ ಬರಲಿ ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು, ನೀಲಾಂಬಿಕಾಳೂ ನಕ್ಕಳು.

ಅವಳ ಗಂಡ ಅಡಿವೆಪ್ಪ ಮಾಸ್ತರರು ಧಾರವಾಡದಲ್ಲಿ ತಬಲಾ ಕಲಿಸುವವರು. ದೊಡ್ಡ ಹೆಸರು ಮಾಡಿದವರಲ್ಲ, ಆದರೆ ಲಯದಲ್ಲಿ ಬಲು ಗಟ್ಟಿ. ಪಕ್ಕದ ಮನೆಯವರು ಕುಕ್ಕರ್ ಸೀಟಿ ಹೊಡೆದ ಅಂತರ ಕೇಳಿ ಒಲೆ ಎಷ್ಟು ಉರಿಯಲ್ಲಿದೆ ಎಂದು ಹೇಳುವ ಮನುಷ್ಯ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವುದು, ಚುಚ್ಚಿಕೊಂಡ ಅರ್ಧ ಗಂಟೆಗೆ ಸರಿಯಾಗಿ ಊಟ ಮಾಡುವುದು. ತಡವಾದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದು ಪ್ರಾಣಕ್ಕೇ ಸಂಚಕಾರ. ಆ ಅರ್ಧ ಗಂಟೆಗೆ ಅವರು ಎಂದೂ ಗಡಿಯಾರ ನೋಡಿದವರಲ್ಲ. ಮನಸ್ಸಿನಲ್ಲೇ ತಾಳದ ಸುತ್ತು ಹಾಕುತ್ತ ಒಂದು ಠೇಕಾ ನಡೆಸುತ್ತಿದ್ದರು, ಅದು ಮುಗಿದಾಗ ತಟ್ಟೆಯ ಮುಂದೆ ಕೂರುತ್ತಿದ್ದರು.

ಪ್ರತಿದಿನ ಸಂಜೆ ಐದಕ್ಕೆ ಸ್ಕೂಟರ್ ಮೇಲೆ ಬಂದು ಹೆಂಡತಿಯನ್ನು ಕರೆದುಕೊಂಡು ಹೋಗುವುದು ಅವರ ರೂಢಿ. ಅವಳ ಕೆಲಸ ಮುಗಿಯುವವರೆಗೆ ಗರುಡರೇಖೆ ಎಂಬ ದೊಡ್ಡ ಆಟದ ಚಪ್ಪರದಲ್ಲಿ, ನೆರಳು ತಂಪಾಗಿದೆ ಎಂದು, ಒಂದು ಬೆಂಚಿನ ಮೇಲೆ ಕೂರುತ್ತಿದ್ದರು. ಮೊದಲೆಲ್ಲ ಅವಳು ಅರ್ಧ ಗಂಟೆ ತಡ ಮಾಡಿದರೆ ಮುಖ ಊದಿಸಿಕೊಳ್ಳುತ್ತಿದ್ದರು. ಈಚೆಗೆ ಅದೂ ನಿಂತಿತ್ತು. ಮನುಷ್ಯ ಮಾಗುತ್ತಿದ್ದಾನೆ ಎಂದು ಅವಳು ಒಳಗೊಳಗೇ ಖುಷಿಪಟ್ಟಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಗಾಯಕಿ ಪ್ರಮೀಳಾತಾಯಿಯವರ ಮನೆಯಲ್ಲಿ ಸಂಗೀತದ ಸಣ್ಣ ಬೈಠಕ್. ಮಾಸ್ತರರದು ತಬಲಾ ಸಾಥ್. ನೀಲಾಂಬಿಕಾ ಹಿಂದೆ ಗೋಡೆಗೊರಗಿ ಕೂತಿದ್ದಳು. ನಿಧಾನಗತಿಯ ವಿಲಂಬಿತ ಏಕತಾಲ ಶುರುವಾಗಿ ತಾಳದ ನಾಲ್ಕನೆಯ ಆವರ್ತನ ಕಳೆಯುವಷ್ಟರಲ್ಲಿ ತಾಯಿಯವರ ಹುಬ್ಬು ಗಂಟಿಕ್ಕಿತು. ಕೈಯಿಂದ ತಮ್ಮ ತೊಡೆಯ ಮೇಲೆ ತಟ್ಟಿ ತೋರಿಸಿದರು. ಮಾಸ್ತರರು ನಗುತ್ತಲೇ ನುಡಿಸುತ್ತಿದ್ದರು. ಆರನೆಯ ಆವರ್ತನಕ್ಕೆ ತಾಯಿ ಹಾಡು ನಿಲ್ಲಿಸಿಬಿಟ್ಟರು.

“ಮಾಸ್ತರ್ರ, ಲಯ ಇಳೀಲಿಕ್ಕತ್ತದ. ನನಗ ಉಸಿರು ಸಾಲವಲ್ತು.”

ಮಾಸ್ತರರಿಗೆ ಅದು ಅರ್ಥವೇ ಆಗಲಿಲ್ಲ. ಹಿಡಿದ ಲಯವನ್ನು ಕೂದಲೆಳೆಯಷ್ಟೂ ಬಿಟ್ಟಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿದರು. ಯಾರೋ ಫೋನಿನಲ್ಲಿ ಹಿಡಿದಿಟ್ಟಿದ್ದನ್ನು ಕೇಳಿಸಿದರು. ಅದರಲ್ಲಿ ತಾಳ, ದಣಿದ ಎತ್ತಿನ ಹೆಜ್ಜೆಯ ಹಾಗೆ, ಸುತ್ತಿನಿಂದ ಸುತ್ತಿಗೆ ನಿಧಾನವಾಗುತ್ತ ಹೋಗಿತ್ತು. ಮಾಸ್ತರರು ತಬಲಾಕ್ಕೆ ಹೊದಿಕೆ ಹಾಕಿದರು. ಮನೆಗೆ ಬಂದು ತಾವೊಬ್ಬರೇ ಅದನ್ನು ಮತ್ತೆ ಮತ್ತೆ ಕೇಳುತ್ತ ಕೂತರು. ನಲವತ್ತು ವರ್ಷ ಕೈಬಿಡದ ಲಯ ಎಲ್ಲಿ ಹೋಯಿತು ಎಂದು ಅವರು ಅವಳನ್ನು ಕೇಳಿದರು. ವಯಸ್ಸಾಯಿತಲ್ಲ ಎಂದು ಸಮಾಧಾನ ಹೇಳಿದಳು.

ಮರುವಾರದ ಗುರುವಾರ ಗರುಡರೇಖೆ ಕೆಟ್ಟು ನಿಂತಿತು. ಬ್ರೇಕಿನಲ್ಲೇನೋ ತೊಂದರೆ. ನೀಲಾಂಬಿಕಾ ನಿಯಂತ್ರಣ ಕೋಣೆಯ ಪರದೆಯಲ್ಲಿ ಆ ಸರದಿಯನ್ನು ನೋಡುತ್ತ ಕೂತಿದ್ದಳು. ಇನ್ನೂರು ಜನ ನಿಂತಿದ್ದಾರೆ, ಯಾರೂ ಅಲುಗುತ್ತಿಲ್ಲ, ಯಾರೂ ಹೊರಗೆ ಹೋಗುತ್ತಲೂ ಇಲ್ಲ. ಮುಂದಿನ ಕೆಂಪು ಚೀಟಿ ಕಳಿಸಲು ಇನ್ನೂ ಹೊತ್ತಿದೆ ಎಂದುಕೊಂಡು ಅವಳು ಗೋಡೆಯ ಗಡಿಯಾರದ ಕಡೆ ಕಣ್ಣು ಹಾಯಿಸಿದಳು. ಒಂದೂ ಮುಕ್ಕಾಲು. ಕಡೆಯ ಚೀಟಿ ಕಳಿಸಿದ್ದು ಹನ್ನೊಂದೂ ಐದಕ್ಕೆ. ನಡುವಿನ ಐದು ಚೀಟಿಗಳನ್ನು ಅವಳು ಕಳಿಸಿಯೇ ಇರಲಿಲ್ಲ. ಮರೆತಿರಲಿಲ್ಲ, ಕಳಿಸುವ ಹೊತ್ತಾಗಿದೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಅವಳು ಚಪ್ಪರಕ್ಕೆ ಓಡಿದಳು. ಆಟದ ಬಾಗಿಲಲ್ಲಿ ನಿಂತಿದ್ದ ಯಲ್ಲವ್ವನನ್ನು, ಆಟ ನಿಂತು ಎಷ್ಟು ಹೊತ್ತಾಯಿತು, ಯಾಕೆ ಹೇಳಿ ಕಳಿಸಲಿಲ್ಲ ಎಂದು ಕೇಳಿದಳು.

“ಈಗಷ್ಟ ನಿಂತೈತ್ರಿ ಅಕ್ಕಾರ,” ಎಂದಳು ಯಲ್ಲವ್ವ, ನಗುತ್ತ.

ಸರದಿಯಲ್ಲಿ ಒಂದು ಎಳೆ ಕೂಸು ಅತ್ತು ಅತ್ತು ದನಿ ಬಿದ್ದು ಕೀರಲುಗುಟ್ಟುತ್ತಿತ್ತು. ತಾಯಿ ಅದರ ಬೆನ್ನು ತಟ್ಟುತ್ತ, ಈಗ ತಾನೇ ಹಾಲು ಕುಡಿದಿದೆ, ಸುಮ್ಮನೆ ಹಟ ಮಾಡುತ್ತಿದೆ ಎಂದಳು. ಅವಳ ರವಿಕೆ ಎದೆಹಾಲಿನಿಂದ ತೊಯ್ದು ಹೋಗಿತ್ತು. ಕೆಂಪು ಚೀಟಿ ಅವಳ ಕೈಯಲ್ಲೇ ಇತ್ತು. ನೀಲಾಂಬಿಕಾ ಅದನ್ನು ಇಸಿದುಕೊಂಡು ಓದಿದಳು, ಹನ್ನೊಂದೂ ಐದು.

ಅಂದೇ ಮಧ್ಯಾಹ್ನ ಮೃಣಾಲಿನಿಯನ್ನು ಕೂರಿಸಿಕೊಂಡು ಕೇಳಿದಳು. ಆಟ ನಿಂತದ್ದು ಯಂತ್ರಕ್ಕೆ ತಿಳಿಯದೆ ಅದು ಮಿಡಿತ ಬಿಡುತ್ತಲೇ ಇದ್ದಿರಬೇಕು, ಅದನ್ನು ಸರಿಪಡಿಸಬಹುದು ಎಂದಳು ಆಕೆ. ಆದರೆ ಹಾಸಿನ ಮೇಲೆ ಇಲ್ಲದಾಗಲೂ, ನಿಯಂತ್ರಣ ಕೋಣೆಯಲ್ಲಿ ಕೂತಿದ್ದಾಗಲೂ ನನಗೆ ಹೊತ್ತು ತಿಳಿಯಲಿಲ್ಲವಲ್ಲ, ನನ್ನ ಗಂಡನ ಲಯ ಇಳಿಯಿತಲ್ಲ ಎಂದಾಗ ಮೃಣಾಲಿನಿ ಯಂತ್ರದ ಲೆಕ್ಕವನ್ನು ಮತ್ತೆ ತೆರೆದು ನೋಡಿದಳು.

“ಕಾದಷ್ಟ ಅಳಿಸಿದ್ರ ಹಿಂಗ ಆಗೂದಿಲ್ರೀ. ಕಾದದ್ದಕ್ಕಿಂತ ಹೆಚ್ಚು ಅಳಿಸಿದ್ರ, ಆ ಹೆಚ್ಚಿಂದು ಎಣಿಕಿ ಒಳಗ ಉಳೀತದ. ಮನೀಗೂ ಅವರ ಜೋಡಿನ ಹೋಗ್ತದ. ಆದ್ರ ಹೆಚ್ಚು ಹ್ಯಾಂಗ ಆತು? ಅಂಕಿ ಸರಿ ಅದಾವಲ್ಲ.”

ನೀಲಾಂಬಿಕಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಆಟಕ್ಕೆ ಹತ್ತು ನಿಮಿಷ. ದಿನಕ್ಕೆ ಹತ್ತು ಆಟ ಆಡಿದವನ ಎಣಿಕೆಯಿಂದ ನೂರು ನಿಮಿಷ ಹೆಚ್ಚಿಗೆ ಅಳಿದುಹೋಗಿತ್ತು. ದಿನಾ ಆ ಹಾಸಿನ ಮೇಲೆ ನಿಂತ ಯಲ್ಲವ್ವನದು, ಸರದಿ ನೋಡಲು ಅದರ ಮೇಲೆಯೇ ಓಡಾಡಿದ ತನ್ನದು ಎಷ್ಟು? ದಿನಾ ಸಂಜೆ ಬೆಂಚಿನ ಮೇಲೆ ಕೂತ ಮಾಸ್ತರರದು? ಅವಳು ಎಲ್ಲವನ್ನೂ ಮೃಣಾಲಿನಿಗೆ ಹೇಳಿಬಿಟ್ಟಳು, ಹನ್ನೊಂದು ವರ್ಷದಲ್ಲಿ ಮೊದಲ ಸಲ. ಅಂದೇ ಇಪ್ಪತ್ತೆರಡೂ ಹಲಗೆಗಳ ಮೇಲೆ ನಿಜವಾದ ಅಂಕಿ ಬಂತು. ಆದರೆ ಈಗಾಗಲೇ ಅಳಿದದ್ದು ಯಾವಾಗ ಮರಳೀತು ಎಂಬುದು ಮೃಣಾಲಿನಿಗೂ ತಿಳಿದಿರಲಿಲ್ಲ. ಅವಳು ಇನ್ನೊಂದು ಸುದ್ದಿ ಹೇಳಿದಳು. ನಗರದ ದೊಡ್ಡ ದವಾಖಾನೆಯ ಸಕ್ಕರೆ ಕಾಯಿಲೆ ವಿಭಾಗದ ಉದ್ದನೆಯ ಸರದಿಗೆ, ಹೊಸಮನಿ ಸಾಹೇಬರ ಕೊಡುಗೆಯಾಗಿ, ಸಮಾಧಾನ ಹಾಸಿ ಆಗಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ. ಅಲ್ಲಿಯ ಪ್ರಮಾಣವನ್ನು ಆನಂದಲೋಕದ ಹನ್ನೊಂದು ವರ್ಷದ ಅಂಕಿಗಳಿಂದಲೇ ಕಟ್ಟಲಾಗಿತ್ತು.

ಅಲ್ಲಿ ಸೋಮವಾರ ಬರುವವರು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಇನ್ಸುಲಿನ್ ಚುಚ್ಚಿಕೊಂಡು, ಬುತ್ತಿ ಬಿಚ್ಚುವ ಮೊದಲು ಅರ್ಧ ಗಂಟೆ ಕಾಯುವವರು. ಅವರಲ್ಲಿ ಅಡಿವೆಪ್ಪ ಮಾಸ್ತರರೂ ಒಬ್ಬರು.

ಹೊಸಮನಿ ಸಾಹೇಬರು ಊರಲ್ಲಿರಲಿಲ್ಲ, ಫೋನೂ ಎತ್ತಲಿಲ್ಲ. ದವಾಖಾನೆಗೆ ತಾನೇ ಹೇಳಿ ನೋಡಿದ್ದಾಗಿ, ಅವರು ನಿಮ್ಮ ನಿರ್ದೇಶಕರ ಮಾತಿಲ್ಲದೆ ನಿಲ್ಲಿಸುವುದಿಲ್ಲ ಎಂದದ್ದಾಗಿ ಮೃಣಾಲಿನಿ ತಿಳಿಸಿದಳು. ಸೋಮವಾರ ಒಂಬತ್ತಕ್ಕೆ ಸಾಹೇಬರು ಕಚೇರಿಗೆ ಬರುತ್ತಾರಂತೆ. ಅಂಕಿ ಸುಳ್ಳೆಂದು ಹಾಕಿದವಳೇ ಎದುರು ನಿಂತು ಹೇಳದ ಹೊರತು ಅವರು ನಂಬುವವರಲ್ಲ.

ಭಾನುವಾರ ಅವಳು ಅಡಿಗೆಮನೆಯಿಂದ ಹೊರಬಂದಾಗ ಮಾಸ್ತರರು ಪಡಸಾಲೆಯಲ್ಲಿ ಬೆವರಿ ತೊಪ್ಪೆಯಾಗಿ, ನಡುಗುತ್ತ ಕೂತಿದ್ದರು. ಚುಚ್ಚಿಕೊಂಡು ಒಂದೂವರೆ ಗಂಟೆಯಾಗಿತ್ತು. ತಟ್ಟೆ ಮುಂದೆಯೇ ಇತ್ತು, ಮುಟ್ಟಿರಲಿಲ್ಲ. ಅವಳು ಹೌಹಾರಿ ಬಾಯಿಗೆ ಸಕ್ಕರೆ ಹಾಕಿ ನೀರು ಕುಡಿಸಿದಳು. ಚೇತರಿಸಿಕೊಂಡ ಮೇಲೆ ಅವರು ನಾಚಿಕೊಂಡು ಹೇಳಿದರು, ಅವಳು ಮೊನ್ನೆಯಷ್ಟೇ ಇಟ್ಟುಕೊಟ್ಟಿದ್ದ ಫೋನಿನ ಅಲಾರಂ ಹೊಡೆದುಕೊಂಡಿತ್ತಂತೆ. ಈಗಷ್ಟೇ ಚುಚ್ಚಿಕೊಂಡಿದ್ದೇನೆ, ಇದಕ್ಕೇನೋ ಕೆಟ್ಟಿದೆ ಎಂದು ಬಂದ್ ಮಾಡಿದರಂತೆ.

ನಾಳೆ ದವಾಖಾನೆ ಬೇಡ ಎಂದು ಅವಳು ಕೈಮುಗಿದಳು. ಆದರೆ ಅವರ ಕಾಲಿನ ಹುಣ್ಣು ಹದಗೆಟ್ಟಿತ್ತು, ಅದನ್ನು ನೋಡುವ ಡಾಕ್ಟರು ಬರುವುದು ಸೋಮವಾರ ಮಾತ್ರ. ತಪ್ಪಿಸಿದರೆ ಬೆರಳೇ ಹೋದೀತು ಎಂದು ಹೆದರಿಸಿದ್ದರು. ಒಂಬತ್ತೂವರೆಗೆಲ್ಲ ತಾನು ಅದನ್ನು ನಿಲ್ಲಿಸಿಯೇ ಬಿಡುತ್ತೇನೆ ಎಂಬ ಧೈರ್ಯ ಅವಳಿಗಿತ್ತು. ಆದರೂ ಮನಸ್ಸು ತಡೆಯಲಿಲ್ಲ.

“ನೋಡ್ರಿ, ಚುಚ್ಚಿಕೊಂಡ ಕೂಡ್ಲೆ ನನಗೊಂದು ಮಿಸ್ ಕಾಲ್ ಕೊಡ್ರಿ. ಅರ್ಧ ತಾಸಿಗೆ ನಾನ ಫೋನ್ ಮಾಡ್ತೀನಿ. ಮಾಡಿದ್ದ ತಡ, ಬುತ್ತಿ ಬಿಚ್ಚಿ ಉಣ್ರಿ. ನಿಮಗ ಏನರ ಅನ್ನಿಸ್ಲಿ, ಉಣ್ರಿ.”

“ಆತು,” ಎಂದರು ಮಾಸ್ತರರು. “ಅಲಾರಂ ಸುಳ್ಳು ಹೇಳಬಹುದು. ನೀ ಹೇಳಾಂಗಿಲ್ಲ.”

ಅವಳು ಮುಖ ತಿರುಗಿಸಿಕೊಂಡು ಬುತ್ತಿಗೆ ರೊಟ್ಟಿ ಬಡಿಯಲು ಹೋದಳು.

ಸೋಮವಾರ ಒಂಬತ್ತು ಗಂಟೆಗೆ ಅವಳು ನಿರ್ದೇಶಕರ ಕಚೇರಿಯಲ್ಲಿದ್ದಳು. ಸಾಹೇಬರು ಒಳಗೆ ಯಾರೊಡನೆಯೋ ಮಾತಾಡುತ್ತಿದ್ದಾರೆ, ಈಗ ಕರೆಯುತ್ತಾರೆ, ಕೂತುಕೊಳ್ಳಿ ಎಂದಳು ಹೊರಕೋಣೆಯ ಮೇಜಿನ ಹುಡುಗಿ. ನೀಲಾಂಬಿಕಾ ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಚಪ್ಪಲಿ ಕಳಚಿದಳು. ಕಾಲಡಿ ಹೊಸ ಜಮಖಾನ, ಬಲು ಮೆತ್ತಗೆ. ಅಷ್ಟರಲ್ಲಿ ಗಂಡನ ಮಿಸ್ ಕಾಲ್ ಬಂತು. ಅವಳು ಅಭ್ಯಾಸದಂತೆ ಪರ್ಸಿನಿಂದ ಕೆಂಪು ಚೀಟಿ ತೆಗೆದು ಬರೆದಳು, ಒಂಬತ್ತೂ ಹದಿನೈದು. ಒಂಬತ್ತೂ ಮುಕ್ಕಾಲಿಗೆ ಫೋನು ಮಾಡಬೇಕು. ಸಾಹೇಬರ ಎದುರು ಮಾತಾಡುವಾಗ ಹೊಡೆದುಕೊಳ್ಳದಿರಲಿ ಎಂದು ಫೋನಿನ ಸದ್ದು ತೆಗೆದು ಪರ್ಸಿನಲ್ಲಿಟ್ಟಳು.

ಸಾಹೇಬರಿಗೆ ಹೇಗೆ ಹೇಳುವುದು? ಸರ್, ನನ್ನಿಂದ ಒಂದು ತಪ್ಪಾಗಿದೆ ಎಂದು ಶುರು ಮಾಡಬೇಕು. ಅಲ್ಲ, ಮೊದಲು ದವಾಖಾನೆಗೆ ಫೋನು ಮಾಡಿರಿ, ಕಾರಣ ಆಮೇಲೆ ಹೇಳುತ್ತೇನೆ ಎನ್ನಬೇಕು. ಅವರು ಬೈದರೆ ಬೈಸಿಕೊಳ್ಳಬೇಕು, ಕೆಲಸ ಹೋದರೆ ಹೋಗಲಿ. ಮಾತುಗಳನ್ನು ಒಂದು ಸಲ ಜೋಡಿಸಿಕೊಂಡಳು. ಇನ್ನೊಂದು ಸಲ ಜೋಡಿಸಿದಾಗ ಇನ್ನೂ ನೆಟ್ಟಗೆ ಬಂದವು. ಎದೆಯ ಡವಡವ ತಗ್ಗಿತ್ತು. ಇಷ್ಟು ದಿನದ ಆತಂಕದ ನಂತರ ಈ ಕೋಣೆಯಲ್ಲಿ ಎಂಥ ನೆಮ್ಮದಿ ಎಂದು ಅವಳಿಗೆ ಆಶ್ಚರ್ಯವಾಯಿತು. ಜವಾನ ತಂದಿಟ್ಟಿದ್ದ ಚಹಾ ಬಾಯಿಗಿಟ್ಟರೆ ತಣ್ಣಗಿತ್ತು, ಮೇಲೆ ಕೆನೆ ಕಟ್ಟಿತ್ತು. ಆರಿದ ಚಹಾ ತಂದುಕೊಡುತ್ತಾರಲ್ಲ ಎಂದುಕೊಂಡು ಪಕ್ಕಕ್ಕಿಡಲು ಹೋದಳು. ಅಲ್ಲಿ ಇನ್ನೂ ಎರಡು ತುಂಬಿದ ಲೋಟಗಳಿದ್ದವು. ಯಾರದೋ ಇರಬೇಕು. ಕಿಟಕಿಯಿಂದ ಬಾಗಿಲ ಹತ್ತಿರ ಬಿದ್ದಿದ್ದ ಬಿಸಿಲು ಈಗ ಅವಳ ಕುರ್ಚಿಯ ಕಾಲಿನ ಬಳಿ ಇತ್ತು. ಮಾತುಗಳನ್ನು ಮತ್ತೊಮ್ಮೆ ಜೋಡಿಸಿಕೊಂಡಳು.

ಹೊರಬಾಗಿಲು ತೆರೆದು ಹೊಸಮನಿ ಸಾಹೇಬರು ಒಳಗೆ ಬಂದರು. ಕೊರಳಲ್ಲಿ ಗಂಧದ ಹಾರ, ಕೈಯಲ್ಲಿ ಶಾಲು.

“ಅರೆ, ನೀಲಕ್ಕ,” ಎಂದರು. “ದವಾಖಾನಿ ಕಾರ್ಯಕ್ರಮ ಭಾಳ ಚಲೋ ಆತು ನೋಡ್ರಿ. ಒಬ್ಬರರ ಪಿಟ್ ಅನ್ಲಿಲ್ಲ. ನಾ ಹೋಗುವಾಗ ಕೂಡ್ರಿ, ಬಂದು ಮಾತಾಡ್ತೀನಿ ಅಂತ ನಿಮಗ ಹೇಳೇ ಹೋಗಿದ್ನಲ್ಲ, ನೀವೂ ಹೂಂ ಅಂದಿದ್ರಿ? ಬಂದು ಭಾಳ ಹೊತ್ತಾತೇನು?”

ಅವಳು ಎದ್ದು ನಿಂತಳು. ಕಾಲು ಜೋಮು ಹಿಡಿದು ಕುರ್ಚಿಯನ್ನು ಹಿಡಿದುಕೊಳ್ಳಬೇಕಾಯಿತು.

“ಇಲ್ರೀ ಸರ್,” ಎಂದಳು. “ಈಗಷ್ಟ ಬಂದೆ.”

ಬಾಯಿಂದ ಬಂದ ಮಾತು ಕಿವಿಗೆ ಬಿದ್ದಾಗ ಅವಳು ಕೈಯಲ್ಲಿದ್ದ ಕೆಂಪು ಚೀಟಿ ನೋಡಿದಳು, ಆಮೇಲೆ ಗೋಡೆಯ ಗಡಿಯಾರ ನೋಡಿದಳು. ಹನ್ನೆರಡೂವರೆ. ಈ ಗಡಿಯಾರ ಕೆಟ್ಟಿದೆ ಎಂದೇ ಅವಳಿಗೆ ಮೊದಲು ಅನ್ನಿಸಿತು. ಬಗ್ಗಿ ಜಮಖಾನದ ಅಂಚನ್ನು ಎತ್ತಿದಳು. ಕೆಳಗೆ ಬೂದು ಬಣ್ಣದ ಬಿಲ್ಲೆಗಳು ಸಾಲಾಗಿ ಕೂತಿದ್ದವು.

ಪರ್ಸಿನಿಂದ ಫೋನು ತೆಗೆದಳು. ಗಂಡನ ನಂಬರಿನಿಂದ ಒಂಬತ್ತೂ ಹದಿನೈದಕ್ಕೆ ಬಂದ ಆ ಒಂದು ಮಿಸ್ ಕಾಲ್ ಬಿಟ್ಟರೆ ಬೇರೆ ಕರೆ ಇರಲಿಲ್ಲ. ಅವರು ಅವಳ ಫೋನಿಗಾಗಿ ಕಾಯುತ್ತಿದ್ದರು. ಬರಿಗಾಲಲ್ಲೇ ಅಂಗಳಕ್ಕೆ ಓಡುತ್ತ ಅವಳು ನಂಬರು ಒತ್ತಿ ಕಿವಿಗೆ ಹಿಡಿದಳು. ಆ ಕಡೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಎಷ್ಟು ಹೊತ್ತಿನಿಂದ ಎಂದು ಹೇಳಲು ಅವಳಿಗೆ ಬರುತ್ತಿರಲಿಲ್ಲ.